ಕಬ್ಬಿನ ಲೋಳೆಯಿಂದ ವಂಶವಾಹಿಯ ವಾಹಕದವರೆಗೆ

ವಂಶವಾಹಿ ಚಿಕಿತ್ಸೆಯಲ್ಲಿ ರೋಗಿಯ ದೇಹಕ್ಕೆ ಸೇರುವುದು ಒಂದು ಸೂಚನೆ. ಇಂಥ ಪ್ರೋಟೀನು ತಯಾರಿಸು, ಇಲ್ಲವೇ ಇಂಥದ್ದನ್ನು ತಯಾರಿಸುವುದನ್ನು ನಿಲ್ಲಿಸು ಎಂದು ಜೀವಕೋಶಕ್ಕೆ ಹೇಳುವ ಡಿಎನ್‌ಎ ಅಥವಾ ಆರ್‌ಎನ್‌ಎ ಅಣು ಅದು. ಹಿಮೋಫಿಲಿಯಾ ಇರುವವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನು ಹುಟ್ಟಿನಿಂದಲೇ ಸಾಲದು. ಅದರ ವಂಶವಾಹಿಯ ಸರಿಯಾದ ಪ್ರತಿಯನ್ನು ಒದಗಿಸಿದರೆ ದೇಹವೇ ಆ ಪ್ರೋಟೀನನ್ನು ತಯಾರಿಸಿಕೊಳ್ಳಬಲ್ಲದು. ಯಕೃತ್ತಿನಲ್ಲಿ ಬೇರೂರಿದ ವೈರಸ್ಸು ಹೆಚ್ಚದಂತೆ ತಡೆಯಬೇಕಿದ್ದರೆ, ಅದರ ವಂಶವಾಹಿಯ ಬಾಯಿ ಕಟ್ಟುವ ಪುಟ್ಟ ಆರ್‌ಎನ್‌ಎ ತುಣುಕನ್ನು ಕಳಿಸಬಹುದು. ತತ್ತ್ವ ಸರಳ, ಕಷ್ಟವೆಲ್ಲ ಇರುವುದು ತಲುಪಿಸುವುದರಲ್ಲಿ. ತಲುಪಿಸುವ ವಸ್ತುವಿಗೆ ವಾಹಕ ಎಂದು ಹೆಸರು. ವಾಹಕ ಸರಿಯಿಲ್ಲದಿದ್ದರೆ ಎಷ್ಟೇ ಒಳ್ಳೆಯ ವಂಶವಾಹಿಯೂ ನಿಷ್ಫಲ.

ಡಿಎನ್‌ಎ ತಾನಾಗಿಯೇ ಕೋಶದೊಳಕ್ಕೆ ಹೋಗಲಾರದೇಕೆ? ಮೊದಲ ಕಾರಣ ಗಾತ್ರ. ಐದು ಸಾವಿರ ಅಕ್ಷರಜೋಡಿಗಳಿರುವ ಡಿಎನ್‌ಎ ಉಂಗುರವನ್ನು ಬಿಡಿಸಿ ಹಾಸಿದರೆ ಅದರ ಉದ್ದ 1.7 ಮೈಕ್ರೊಮೀಟರ್. ಅದು ಹೊಗಬೇಕಾದ ಕೋಶದ ಅಗಲವೇ ಸಾಮಾನ್ಯವಾಗಿ 10ರಿಂದ 20 ಮೈಕ್ರೊಮೀಟರ್. ಎರಡನೆಯ ಕಾರಣ ವಿದ್ಯುದಾವೇಶ. ಅಷ್ಟು ಉದ್ದದ ಡಿಎನ್‌ಎಯಲ್ಲಿ ಹತ್ತು ಸಾವಿರ ಫಾಸ್ಫೇಟ್ ಗುಂಪುಗಳಿದ್ದು, ಪ್ರತಿಯೊಂದಕ್ಕೂ ಋಣ ಆವೇಶ ಇರುತ್ತದೆ. ಕೋಶದ ಪೊರೆಯ ಹೊರಮೈಯೂ ಋಣವೇ ಆದ್ದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತದೆ. ಮೂರನೆಯದು ರಕ್ತದಲ್ಲಿರುವ ಕಿಣ್ವಗಳು. ಪ್ರಯೋಗಾಲಯದ ಇಲಿಯ ರಕ್ತನಾಳಕ್ಕೆ ಬರಿಯ ಡಿಎನ್‌ಎ ಚುಚ್ಚಿದರೆ ಅದು ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ.

ಈ ಮೂರೂ ಅಡ್ಡಿಗಳನ್ನು ದಾಟುವ ವಿದ್ಯೆ ವೈರಸ್ಸುಗಳಿಗೆ ಕರಗತ. ರೋಗ ತರುವ ಭಾಗವನ್ನು ತೆಗೆದುಹಾಕಿದ ವೈರಸ್ಸಿನಲ್ಲಿ ಬೇಕಾದ ವಂಶವಾಹಿಯನ್ನು ತುಂಬಿ ಕಳಿಸುವ ವಿಧಾನವೇ ಇದುವರೆಗೆ ಹೆಚ್ಚು ಫಲ ಕೊಟ್ಟಿದೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು ಐವರು ಹಿಮೋಫಿಲಿಯಾ ರೋಗಿಗಳ ಕಾಂಡಕೋಶಗಳಿಗೆ ಲೆಂಟಿವೈರಸ್ ಮೂಲಕ ವಂಶವಾಹಿ ಸೇರಿಸಿದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆದರೆ ಈ ದಾರಿಯಲ್ಲಿ ಅಪಾಯಗಳೂ ಇವೆ. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಡಿನೊವೈರಸ್ ವಾಹಕ ಪಡೆದ 18 ವರ್ಷದ ಯುವಕನೊಬ್ಬ ರೋಗನಿರೋಧಕ ವ್ಯವಸ್ಥೆಯ ತೀವ್ರ ಪ್ರತಿಕ್ರಿಯೆಯಿಂದ ತೀರಿಕೊಂಡ. ಮುಂದಿನ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ರೆಟ್ರೊವೈರಸ್ ವಾಹಕ ಪಡೆದ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ತಗುಲಿತು. ಇಂದು ಹೆಚ್ಚು ಬಳಕೆಯಲ್ಲಿರುವ ಎಎವಿ ಎಂಬ ಪುಟ್ಟ ವೈರಸ್ಸಿನಲ್ಲಿ ಸುಮಾರು 4,700 ಅಕ್ಷರಗಳಿಗೆ ಮಾತ್ರ ಜಾಗ. ಸ್ನಾಯುಕ್ಷಯಕ್ಕೆ ಬೇಕಾದ ಡಿಸ್ಟ್ರೊಫಿನ್ ಪ್ರೋಟೀನಿನ ಸೂಚನೆ ಹನ್ನೊಂದು ಸಾವಿರ ಅಕ್ಷರಗಳನ್ನು ಮೀರುತ್ತದೆ. ಒಮ್ಮೆ ವೈರಸ್ ವಾಹಕ ಪಡೆದ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುವುದರಿಂದ ಎರಡನೆಯ ಸಲ ಅದನ್ನೇ ಕೊಡುವುದು ಕಷ್ಟ. ವೈರಸ್ ಅಲ್ಲದ ವಾಹಕಕ್ಕೆ ಹುಡುಕಾಟ ನಡೆಯುತ್ತಿರುವುದು ಈ ಕಾರಣಗಳಿಂದ. ಅದರ ಎರಡು ಮುಖ್ಯ ಕವಲುಗಳು ಲಿಪಿಡ್ ಎಂಬ ಕೊಬ್ಬಿನಂಥ ವಸ್ತುಗಳು ಮತ್ತು ಪಾಲಿಮರ್‌ಗಳು.

ಪಾಲಿಮರ್ ಎಂದರೆ ಒಂದೇ ಬಗೆಯ ಚಿಕ್ಕ ಅಣುಗಳು ಸರಣಿಯಾಗಿ ಕೂಡಿಕೊಂಡು ಆದ ದೊಡ್ಡ ಅಣು. ಹತ್ತಿ, ಪಿಷ್ಟ, ರೇಷ್ಮೆ, ನೈಲಾನ್ ಎಲ್ಲವೂ ಪಾಲಿಮರ್‌ಗಳೇ. ವಂಶವಾಹಿ ಸಾಗಣೆಗೆ ಮೊಟ್ಟಮೊದಲು ಒದಗಿಬಂದ ಮಾರ್ಪಡಿಸಿದ ಪಾಲಿಮರ್‌ಗಳಲ್ಲಿ ಒಂದರ ಮೂಲ ಮಂಡ್ಯ ಸೀಮೆಯ ರೈತರಿಗೆ ಚಿರಪರಿಚಿತ. ಅದು ಹಳಸಿದ ಕಬ್ಬಿನಲ್ಲಿ ಹುಟ್ಟುವ ಲೋಳೆ.

ಈ ಸೀಮೆಗೂ ಸಕ್ಕರೆಗೂ ಹಳೆಯ ನಂಟು. ಶ್ರೀರಂಗಪಟ್ಟಣದ ಮಗ್ಗುಲಿನ ಪಾಲಹಳ್ಳಿಯಲ್ಲಿ ರೈತರು ತಯಾರಿಸಿದ ಬೆಲ್ಲವನ್ನು ಶುದ್ಧೀಕರಿಸಿ ಸಕ್ಕರೆ ಮಾಡುವ ಅಷ್ಟಗ್ರಾಮ ಕಾರ್ಖಾನೆ 1847ರಲ್ಲೇ ಶುರುವಾಗಿತ್ತು. ಕನ್ನಂಬಾಡಿ ಕಟ್ಟೆ ಮತ್ತು ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಕಬ್ಬು ಊರೂರಿಗೆ ಹಬ್ಬಿತು. 1933ರಲ್ಲಿ ಮಂಡ್ಯದ ಮೈಷುಗರ್ ಸ್ಥಾಪನೆಯಾಯಿತು. ಅನಂತರ ಪಾಂಡವಪುರದ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ ಬಂದವು. ಇವುಗಳ ಜೊತೆಗೆ ಆಲೆಮನೆಗಳೂ ಉಳಿದುಕೊಂಡು ಬಂದಿವೆ.

ಕಡಿದ ಕಬ್ಬನ್ನು ಬೇಗ ಅರೆಯಬೇಕೆಂಬುದು ಇಲ್ಲಿ ಎಲ್ಲರೂ ಬಲ್ಲ ಮಾತು. ಕಡಿತದ ಬಾಯಲ್ಲಿ ಮತ್ತು ಸಿಪ್ಪೆ ಒಡೆದ ಕಡೆ ಮಣ್ಣಿನಿಂದ, ಕತ್ತಿಯಿಂದ ಬಂದ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯುಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಅದು ಸ್ರವಿಸುವ ಕಿಣ್ವವೊಂದು ಸಕ್ಕರೆಯ ಅಣುವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆದು, ಗ್ಲೂಕೋಸ್ ಭಾಗಗಳನ್ನು ಒಂದರ ಹಿಂದೆ ಒಂದು ಪೋಣಿಸುತ್ತದೆ. ಹೀಗೆ ಬೆಳೆದ ಸರಣಿಯೇ ಡೆಕ್ಸ್ಟ್ರಾನ್. ಕಾರ್ಖಾನೆಯ ಮುಂದೆ ಲಾರಿ, ಎತ್ತಿನ ಗಾಡಿಗಳು ಬಿಸಿಲಲ್ಲಿ ಸಾಲುಗಟ್ಟಿ ನಿಂತಷ್ಟೂ ಕಬ್ಬಿನೊಳಗೆ ಅದು ಹೆಚ್ಚುತ್ತದೆ. ಅರೆದ ಕಬ್ಬಿನ ಹಾಲು ಮಂದವಾಗಿ ಲೋಳೆಗಟ್ಟುತ್ತದೆ, ಸೋಸುವುದು ತಡವಾಗುತ್ತದೆ, ಸಕ್ಕರೆಯ ಹರಳು ಚೌಕವಾಗಿ ಬೆಳೆಯುವ ಬದಲು ಸೂಜಿಯಂತೆ ನೀಳವಾಗುತ್ತದೆ, ಇಳುವರಿ ತಗ್ಗುತ್ತದೆ. ಕಾರ್ಖಾನೆಯ ರಸಾಯನತಜ್ಞನಿಗೆ ಡೆಕ್ಸ್ಟ್ರಾನ್ ಶುದ್ಧ ನಷ್ಟದ ಬಾಬ್ತು.

ಈ ಲೋಳೆ ಸೂಕ್ಷ್ಮಜೀವಿಗಳ ಕೆಲಸವೆಂದು 1861ರಲ್ಲಿ ತೋರಿಸಿಕೊಟ್ಟವರು ಲೂಯಿ ಪಾಶ್ಚರ್. 1874ರಲ್ಲಿ ಜರ್ಮನಿಯ ಶೈಬ್ಲರ್ ಅದಕ್ಕೆ ಡೆಕ್ಸ್ಟ್ರಾನ್ ಎಂದು ಹೆಸರಿಟ್ಟರು. 1878ರಲ್ಲಿ ಫ್ರಾನ್ಸಿನ ವಾನ್ ಟೀಗೆಮ್ ಅದನ್ನು ಹುಟ್ಟಿಸುವ ಬ್ಯಾಕ್ಟೀರಿಯಕ್ಕೆ ಹೆಸರು ಕೊಟ್ಟರು. ಇಡ್ಲಿ ಹಿಟ್ಟು ರಾತ್ರಿಯಿಡೀ ಉಬ್ಬುವುದೂ ಬಹುಮಟ್ಟಿಗೆ ಇದೇ ಬ್ಯಾಕ್ಟೀರಿಯದಿಂದ. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್ವಾಲ್ ಮತ್ತು ಇಂಗೆಲ್‌ಮನ್ ಡೆಕ್ಸ್ಟ್ರಾನನ್ನು ಶುದ್ಧ ಮಾಡಿ, ಸರಿಯಾದ ಅಳತೆಗೆ ಕತ್ತರಿಸಿ, ರಕ್ತ ಕಳೆದುಕೊಂಡವರಿಗೆ ಡ್ರಿಪ್ ಮೂಲಕ ಕೊಡಬಹುದೆಂದು ತೋರಿಸಿದರು. ಕಬ್ಬಿಣದಂಶ ಕಡಿಮೆಯಿರುವವರಿಗೆ ಕೊಡುವ ಐರನ್ ಡೆಕ್ಸ್ಟ್ರಾನ್ ಚುಚ್ಚುಮದ್ದಿನಲ್ಲಿ ಇರುವುದೂ ಅದೇ. ಹೀಗೆ ಸಕ್ಕರೆ ಕಾರ್ಖಾನೆಯ ಕಾಟ ಆಸ್ಪತ್ರೆಯ ಆಸರೆಯಾಯಿತು. ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ದೇಹ ಅದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ, ಕ್ರಮೇಣ ಅರಗಿಸಿಯೂ ಬಿಡುತ್ತದೆ. ವಾಹಕವಾಗುವ ವಸ್ತುವಿಗೆ ಇರಬೇಕಾದ ಗುಣಗಳಿವು.

ಆದರೆ ಡೆಕ್ಸ್ಟ್ರಾನ್ ಹುಟ್ಟಿದ ರೂಪದಲ್ಲಿ ವಂಶವಾಹಿಯನ್ನು ಹಿಡಿಯಲಾರದು. ಅದಕ್ಕೆ ಯಾವ ಆವೇಶವೂ ಇಲ್ಲ. ಋಣ ಆವೇಶದ ಡಿಎನ್‌ಎಯನ್ನು ಹಿಡಿದಿಡಲು ಧನ ಆವೇಶ ಬೇಕು. ಪಾಲಿಮರ್‌ಗಳನ್ನು ಮಾರ್ಪಡಿಸುವ ವಿದ್ಯೆ ಶುರುವಾಗುವುದು ಇಲ್ಲಿಂದಲೇ. ಡೆಕ್ಸ್ಟ್ರಾನ್ ಸರಣಿಯ ಪ್ರತಿ ಗ್ಲೂಕೋಸ್ ಮೇಲೂ ರಸಾಯನ ಕ್ರಿಯೆಗೆ ಸಿದ್ಧವಾಗಿರುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಅವುಗಳಲ್ಲಿ ಕೆಲವಕ್ಕೆ ಡೈಈಥೈಲ್ ಅಮೈನೊ ಈಥೈಲ್ ಎಂಬ ಸಾರಜನಕ ಇರುವ ಗುಂಪನ್ನು ಕೂಡಿಸಿದರೆ, ಆ ಸಾರಜನಕ ನೀರಿನಲ್ಲಿ ಧನ ಆವೇಶ ತಾಳುತ್ತದೆ. ಇದಕ್ಕೆ ಚಿಕ್ಕದಾಗಿ ಡಿಇಎಇ-ಡೆಕ್ಸ್ಟ್ರಾನ್ ಎನ್ನುತ್ತಾರೆ. 1965ರಲ್ಲಿ ವಾಹೆರಿ ಮತ್ತು ಪಗಾನೊ ಎಂಬ ವಿಜ್ಞಾನಿಗಳು ಇದರ ನೆರವಿನಿಂದ ಪೋಲಿಯೊ ವೈರಸ್ಸಿನ ಆರ್‌ಎನ್‌ಎಯನ್ನು ಕೋಶಗಳಿಗೆ ಸೇರಿಸಿದರು. 1968ರಲ್ಲಿ ಮೆಕ್‌ಕಚನ್ ಮತ್ತು ಪಗಾನೊ ಇದನ್ನೇ ಬಳಸಿ ವೈರಸ್ಸೊಂದರ ಡಿಎನ್‌ಎ ಸೇರಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ವಂಶವಾಹಿ ಸೇರಿಸಲು ಪ್ರಯೋಗಾಲಯಗಳು ಈ ವಿಧಾನವನ್ನು ದಶಕಗಳ ಕಾಲ ಬಳಸಿದವು.

ಧನ ಆವೇಶದ ಪಾಲಿಮರ್ ಮತ್ತು ಡಿಎನ್‌ಎ ನೀರಿನಲ್ಲಿ ಕೂಡಿದಾಗ ಆಗುವುದನ್ನು ಆಲೆಮನೆಯ ಒಂದು ಕ್ರಮಕ್ಕೆ ಹೋಲಿಸಬಹುದು. ಕೊಪ್ಪರಿಗೆಯಲ್ಲಿ ಕಾಯುತ್ತಿರುವ ಹಾಲಿಗೆ ಜಜ್ಜಿದ ಬೆಂಡೆಗಿಡದ ಲೋಳೆ ಬಿಟ್ಟಾಗ, ಲೋಳೆಯ ಉದ್ದನೆಯ ಅಣುಗಳು ಚೆದುರಿದ ಕೊಳೆಯ ಕಣಗಳನ್ನು ಒಟ್ಟುಮಾಡಿ ಮೇಲಕ್ಕೆ ತರುತ್ತವೆ. ಒಂದೇ ಉದ್ದನೆಯ ಅಣು ಹಲವು ಕಡೆ ಏಕಕಾಲಕ್ಕೆ ಅಂಟಿಕೊಳ್ಳುವುದು ಅಲ್ಲಿನ ಗುಟ್ಟು. ಇಲ್ಲಿನ ಗುಟ್ಟೂ ಅದೇ. ಪಾಲಿಮರಿನ ನೂರಾರು ಧನ ಬಿಂದುಗಳು ಡಿಎನ್‌ಎಯ ಫಾಸ್ಫೇಟುಗಳನ್ನು ಹಿಡಿದೆಳೆದಾಗ, ಹರಡಿಕೊಂಡಿದ್ದ ಡಿಎನ್‌ಎ ಮುದುಡಿ 50ರಿಂದ 200 ನ್ಯಾನೊಮೀಟರ್ ಅಗಲದ ಕಣವಾಗುತ್ತದೆ. ಈ ಕಣಕ್ಕೆ ಪಾಲಿಪ್ಲೆಕ್ಸ್ ಎಂಬ ಹೆಸರಿದೆ. ಮುದುಡಿದ ಡಿಎನ್‌ಎ ಕಿಣ್ವಗಳ ಕೈಗೆ ಸಿಗುವುದಿಲ್ಲ. ಕಣದ ಹೊರಮೈಯಲ್ಲಿ ಉಳಿದ ಧನ ಆವೇಶದಿಂದ ಅದು ಕೋಶದ ಋಣ ಪೊರೆಗೆ ಅಂಟಿಕೊಳ್ಳುತ್ತದೆ. ಪೊರೆ ಒಳಮಡಿಸಿ ಅದನ್ನು ನುಂಗುತ್ತದೆ.

ನುಂಗಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಕಣ ಈಗಿರುವುದು ಎಂಡೋಸೋಮ್ ಎಂಬ ಪುಟ್ಟ ಚೀಲದಲ್ಲಿ. ಚೀಲದೊಳಗಿನ ಆಮ್ಲತೆ ಕ್ರಮೇಣ ಏರಿ ಪಿಎಚ್ 7.4ರಿಂದ 5ರ ಸಮೀಪಕ್ಕೆ ಇಳಿಯುತ್ತದೆ. ಕೊನೆಗೆ ಅದು ಎಲ್ಲವನ್ನೂ ಅರಗಿಸುವ ಲೈಸೋಸೋಮಿನೊಂದಿಗೆ ಕೂಡಿಕೊಳ್ಳುತ್ತದೆ. ಅಷ್ಟರೊಳಗೆ ಕಣ ಚೀಲದಿಂದ ಪಾರಾಗಬೇಕು. ಪಾರಾದ ಮೇಲೆ ಪಾಲಿಮರ್ ತನ್ನ ಹಿಡಿತ ಸಡಿಲಿಸಿ ಡಿಎನ್‌ಎಯನ್ನು ಬಿಟ್ಟುಕೊಡಬೇಕು. ಡಿಎನ್‌ಎ ಕೋಶಕೇಂದ್ರವನ್ನು ಹೊಗಬೇಕು. ಆರ್‌ಎನ್‌ಎಗೆ ಮಾತ್ರ ಈ ಕೊನೆಯ ಹೆಜ್ಜೆ ಬೇಕಿಲ್ಲ. ಅದರ ಕೆಲಸ ಕೋಶದ್ರವದಲ್ಲೇ ನಡೆಯುತ್ತದೆ. ಬಿಗಿಯಾಗಿ ಹಿಡಿಯಬೇಕು, ಸರಿಯಾದ ಸಮಯಕ್ಕೆ ಬಿಡಬೇಕು ಎಂಬ ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾದವು. ಪಾಲಿಮರ್ ಮಾರ್ಪಾಡಿನ ಅರವತ್ತು ವರ್ಷಗಳ ಚರಿತ್ರೆಯೆಂದರೆ ಇವೆರಡನ್ನೂ ಒಂದೇ ಅಣುವಿನಲ್ಲಿ ಹೊಂದಿಸುವ ಪ್ರಯತ್ನಗಳ ಚರಿತ್ರೆ.

1987ರಲ್ಲಿ ಅಮೆರಿಕದ ವು ದಂಪತಿ ಒಂದು ಮುಖ್ಯ ಹೆಜ್ಜೆ ಇಟ್ಟರು. ಯಕೃತ್ತಿನ ಕೋಶಗಳ ಮೇಲೆ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಗುರುತಿಸುವ ಗ್ರಾಹಕಗಳಿವೆ. ಗ್ಯಾಲಕ್ಟೋಸ್ ಹೊರಗೆ ಚಾಚಿಕೊಂಡಿರುವ ಪ್ರೋಟೀನೊಂದನ್ನು ಅವರು ಪಾಲಿಲೈಸಿನ್ ಎಂಬ ಧನ ಆವೇಶದ ಪಾಲಿಮರಿಗೆ ಕೂಡಿಸಿ, ಡಿಎನ್‌ಎಯನ್ನು ಯಕೃತ್ತಿನ ಕೋಶಗಳಿಗೇ ಗುರಿಯಿಟ್ಟು ಕಳಿಸಿದರು. ವಾಹಕಕ್ಕೆ ವಿಳಾಸ ಬರೆಯಬಹುದೆಂದು ಇದರಿಂದ ತಿಳಿಯಿತು. ಮುಂದೆ ರಕ್ಷಕ ಕೋಶಗಳಿಗೆ ಮ್ಯಾನೋಸ್, ಹಲವು ಬಗೆಯ ಕ್ಯಾನ್ಸರ್ ಕೋಶಗಳಿಗೆ ಫೋಲಿಕ್ ಆಮ್ಲ ಮತ್ತು ಟ್ರಾನ್ಸ್‌ಫೆರಿನ್ ಹೀಗೆ ಬೇರೆ ಬೇರೆ ವಿಳಾಸಗಳು ಬಳಕೆಗೆ ಬಂದವು. ಪಾಲಿಲೈಸಿನ್ನಿನ ಕೊರತೆಯೆಂದರೆ ಎಂಡೋಸೋಮಿನಿಂದ ಪಾರಾಗುವ ಶಕ್ತಿ ಅದಕ್ಕೆ ತೀರ ಕಡಿಮೆ.

ಆ ಕೊರತೆಯನ್ನು ನೀಗಿಸಿದ್ದು ಪಾಲಿಈಥಿಲೀನ್‌ಇಮೈನ್, ಚಿಕ್ಕದಾಗಿ ಪಿಇಐ. 1995ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಜಾನ್-ಪಾಲ್ ಬೆಹ್ರ್ ಅವರ ತಂಡ ಅದನ್ನು ವಂಶವಾಹಿ ವಾಹಕವಾಗಿ ಪರಿಚಯಿಸಿತು. ಅದರ ಸರಣಿಯಲ್ಲಿ ಪ್ರತಿ ಮೂರನೆಯ ಪರಮಾಣುವೂ ಸಾರಜನಕವೇ. ಸಾಮಾನ್ಯ ಪಿಎಚ್‌ನಲ್ಲಿ ಅವುಗಳಲ್ಲಿ ಒಂದು ಭಾಗಕ್ಕೆ ಮಾತ್ರ ಧನ ಆವೇಶ ಇರುತ್ತದೆ. ಎಂಡೋಸೋಮ್ ಆಮ್ಲೀಯವಾಗುತ್ತ ಹೋದಂತೆ ಉಳಿದವು ಒಳಬರುವ ಪ್ರೋಟಾನುಗಳನ್ನು ಹೀರಿಕೊಳ್ಳುತ್ತವೆ. ಆಮ್ಲತೆ ತರಲು ಕೋಶ ಇನ್ನಷ್ಟು ಪ್ರೋಟಾನುಗಳನ್ನು ತುಂಬುತ್ತದೆ, ಅವುಗಳ ಹಿಂದೆ ಕ್ಲೋರೈಡ್ ಬರುತ್ತದೆ, ಕ್ಲೋರೈಡಿನ ಹಿಂದೆ ನೀರು ಬರುತ್ತದೆ, ಚೀಲ ಉಬ್ಬಿ ಬಿರಿಯುತ್ತದೆ. ಬೆಹ್ರ್ ತಂಡ ಕೊಟ್ಟ ಈ ವಿವರಣೆಯ ಎಲ್ಲ ಅಂಶಗಳನ್ನೂ ಇಂದಿನ ವಿಜ್ಞಾನಿಗಳು ಒಪ್ಪುವುದಿಲ್ಲ. ಪಿಇಐ ನೇರವಾಗಿ ಪೊರೆಗೆ ತೂತು ಮಾಡುತ್ತದೆಂಬ ಅಭಿಪ್ರಾಯವೂ ಇದೆ. ಆದರೆ ಪಾರಾಗುವುದರಲ್ಲಿ ಅದು ಸಮರ್ಥ ಎಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ.

ಪಿಇಐಯ ಈ ಸಾಮರ್ಥ್ಯದ ಜೊತೆಗೇ ಅದರ ವಿಷವೂ ಬೆರೆತಿದೆ. 25,000 ಡಾಲ್ಟನ್ ಅಣುತೂಕದ ಕವಲೊಡೆದ ಪಿಇಐ ವಂಶವಾಹಿಯನ್ನು ಚೆನ್ನಾಗಿ ಸೇರಿಸುತ್ತದೆ, ಹಾಗೆಯೇ ಕೋಶಗಳನ್ನು ಕೊಲ್ಲುತ್ತದೆ. ಅತಿಯಾದ ಧನ ಆವೇಶ ಪೊರೆಯನ್ನು ಹರಿಯುತ್ತದೆ, ರಕ್ತದ ಪ್ರೋಟೀನುಗಳನ್ನು ಎಳೆದುಕೊಂಡು ಗಂಟುಕಟ್ಟುತ್ತದೆ. ದೇಹ ಅದನ್ನು ಒಡೆದು ಹೊರಹಾಕಲಾರದು. ಒಂದೆರಡು ಸಾವಿರ ಡಾಲ್ಟನ್‌ಗಿಂತ ಕಡಿಮೆ ತೂಕದ ಪಿಇಐ ಕೋಶಗಳಿಗೆ ಅಷ್ಟಾಗಿ ಹಾನಿ ಮಾಡದು, ಆದರೆ ಡಿಎನ್‌ಎಯನ್ನು ಹಿಡಿದಿಡಲೂ ಆರದು. ಇವೆರಡರ ನಡುವೆ ದಾರಿ ಕಂಡುಕೊಳ್ಳಲು ಜಗತ್ತಿನ ಅನೇಕ ಪ್ರಯೋಗಾಲಯಗಳು ಪಿಇಐಯನ್ನು ನಾನಾ ಬಗೆಯಲ್ಲಿ ಮಾರ್ಪಡಿಸಿವೆ.

ಅವುಗಳಲ್ಲಿ ಒಂದು ಮಹತ್ವದ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಸಂತನು ಭಟ್ಟಾಚಾರ್ಯ, ಪಾತೂರು ಕೊಂಡಯ್ಯ ಮತ್ತು ಅವಿನಾಶ್ ಬಜಾಜ್ ಅವರು ಕಡಿಮೆ ಅಣುತೂಕದ ಪಿಇಐಗೆ ಕೊಲೆಸ್ಟರಾಲ್ ಅಣುಗಳನ್ನು ಕಸಿ ಮಾಡಿದರು. ಕೊಲೆಸ್ಟರಾಲ್ ಕೋಶದ ಪೊರೆಯಲ್ಲಿ ಸ್ವಾಭಾವಿಕವಾಗಿಯೇ ಇರುವ ವಸ್ತು. ಅದು ನೀರನ್ನು ಒಲ್ಲದಿರುವುದರಿಂದ ಕಸಿಯಾದ ಪುಟ್ಟ ಪಾಲಿಮರ್‌ಗಳು ನೀರಿನಲ್ಲಿ ತಾವಾಗಿಯೇ ಒಟ್ಟುಗೂಡುತ್ತವೆ. ಒಂಟಿಯಾಗಿ ಡಿಎನ್‌ಎಯನ್ನು ಹಿಡಿಯಲಾರದ ಚಿಕ್ಕ ಸರಣಿಗಳು ಗುಂಪಾಗಿ ಹಿಡಿಯಬಲ್ಲವಾದವು, ದೊಡ್ಡ ಪಿಇಐಯ ವಿಷವಿಲ್ಲದೆ. ಕೊಲೆಸ್ಟರಾಲ್ ಎಷ್ಟು ಇರಬೇಕೆಂಬುದನ್ನೂ ಅವರು ಬೇರೆ ಬೇರೆ ಪ್ರಮಾಣಗಳಲ್ಲಿ ತಯಾರಿಸಿ ಪರೀಕ್ಷಿಸಿದರು. ಈ ಫಲಿತಾಂಶಗಳು 2008ರಲ್ಲಿ ಪ್ರಕಟವಾದವು.

ಮಾರ್ಪಾಡಿನ ಇನ್ನೂ ಕೆಲವು ಬಗೆಗಳಿವೆ. ಚಿಕ್ಕ ಪಿಇಐ ಸರಣಿಗಳನ್ನು ಗಂಧಕ-ಗಂಧಕ ಬಂಧಗಳಿಂದ ಜೋಡಿಸಿ ದೊಡ್ಡದು ಮಾಡುವುದು ಒಂದು. ಕೋಶದ ಹೊರಗೆ ಈ ಬಂಧ ಗಟ್ಟಿಯಾಗಿರುತ್ತದೆ. ಕೋಶದ ಒಳಗೆ ಗ್ಲುಟಾಥಯೋನ್ ಎಂಬ ವಸ್ತು ಹೊರಗಿಗಿಂತ ನೂರಾರು ಪಟ್ಟು ಹೆಚ್ಚಾಗಿರುವುದರಿಂದ ಬಂಧ ಮುರಿದು, ಪಾಲಿಮರ್ ತುಂಡಾಗಿ, ಡಿಎನ್‌ಎ ಬಿಡುಗಡೆಯಾಗುತ್ತದೆ. ಹಿಡಿಯುವುದು ಮತ್ತು ಬಿಡುವುದು ಎಂಬ ವಿರೋಧಕ್ಕೆ ಇದು ನೇರ ಪರಿಹಾರ. ಪಾಲಿಈಥಿಲೀನ್ ಗ್ಲೈಕಾಲ್ ಅಥವಾ ಪೆಗ್ ಎಂಬ, ನೀರನ್ನು ಪ್ರೀತಿಸುವ ಎಳೆಗಳನ್ನು ಹೊರಗೆ ಹೊದಿಸುವುದು ಇನ್ನೊಂದು. ಆಗ ರಕ್ತದ ಪ್ರೋಟೀನುಗಳು ಕಣಕ್ಕೆ ಅಂಟುವುದಿಲ್ಲ, ಅದು ರಕ್ತದಲ್ಲಿ ಹೆಚ್ಚು ಹೊತ್ತು ಸಂಚರಿಸುತ್ತದೆ. ಹೊದಿಕೆ ದಪ್ಪವಾದರೆ ಕೋಶ ಕಣವನ್ನು ನುಂಗುವುದೂ ಕಡಿಮೆಯಾಗುತ್ತದೆಯಾದ್ದರಿಂದ ಅಳತೆ ನೋಡಿ ಹೊದಿಸಬೇಕು. ಸಾರಜನಕಗಳಲ್ಲಿ ಕೆಲವಕ್ಕೆ ಅಸಿಟೈಲ್ ಗುಂಪು ಕೂಡಿಸಿ ಆವೇಶ ತಗ್ಗಿಸಿದಾಗ ವಂಶವಾಹಿ ಸಾಗಣೆ ಕುಗ್ಗುವ ಬದಲು ಹಿಗ್ಗಿದ್ದೂ ಉಂಟು. ಹಿಡಿತ ಸಡಿಲವಾದಷ್ಟೂ ಬಿಡುವುದು ಸುಲಭ ಎಂಬುದು ಇದಕ್ಕೆ ಕೊಡುವ ಒಂದು ಕಾರಣ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎನ್. ಜಯರಾಮನ್ ಅವರ ತಂಡ ಬೇರೊಂದು ದಾರಿ ಹಿಡಿಯಿತು. ನಡುವಿನ ಒಂದು ಬಿಂದುವಿನಿಂದ ಕವಲು, ಕವಲಿನಿಂದ ಮರಿಕವಲು ಒಡೆಯುತ್ತ ಗುಂಡಗೆ ಬೆಳೆಯುವ ಪಾಲಿಮರ್‌ಗೆ ಡೆಂಡ್ರಿಮರ್ ಎಂದು ಹೆಸರು. ಅದರ ಪ್ರತಿಯೊಂದು ಅಣುವೂ ಒಂದೇ ಅಳತೆಯದು. ಔಷಧವಾಗಬೇಕಾದ ವಸ್ತುವಿಗೆ ಇದು ದೊಡ್ಡ ಅನುಕೂಲ. ಪೆಟಿಮ್ ಎಂಬ ಡೆಂಡ್ರಿಮರ್ ಡಿಎನ್‌ಎಯನ್ನು ಹೊತ್ತು ಸಸ್ತನಿ ಕೋಶಗಳನ್ನು ಹೊಗಬಲ್ಲದೆಂದು ಈ ತಂಡ 2013ರಲ್ಲಿ ತೋರಿಸಿತು. 2015ರಲ್ಲಿ ಸೌಮಿತ್ರ ದಾಸ್ ಅವರೊಂದಿಗೆ ಸೇರಿ, ಅದೇ ಡೆಂಡ್ರಿಮರಿಗೆ ಗ್ಯಾಲಕ್ಟೋಸ್ ಕೂಡಿಸಿ, ಹೆಪಟೈಟಿಸ್ ಸಿ ವೈರಸ್ಸನ್ನು ತಡೆಯುವ ಆರ್‌ಎನ್‌ಎ ತುಣುಕನ್ನು ಯಕೃತ್ತಿನ ಕೋಶಗಳಿಗೆ ತಲುಪಿಸಿತು. 1987ರಲ್ಲಿ ಬರೆದ ವಿಳಾಸವೇ ಇಲ್ಲಿಯೂ ಕೆಲಸಕ್ಕೆ ಬಂತು.

ಸಕ್ಕರೆ ಮೂಲದ ಪಾಲಿಮರ್‌ಗಳನ್ನು ವಿಜ್ಞಾನಿಗಳು ಈ ನಡುವೆ ಕೈಬಿಟ್ಟಿರಲಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಅಬ್ರಹಾಂ ಡೊಂಬ್ ಅವರ ತಂಡ ಡೆಕ್ಸ್ಟ್ರಾನಿನ ಗ್ಲೂಕೋಸ್ ಉಂಗುರಗಳನ್ನು ಪರ್ಅಯೋಡೇಟಿನಿಂದ ಬಿಚ್ಚಿ, ಬಿಚ್ಚಿಕೊಂಡ ತುದಿಗಳಿಗೆ ಸ್ಪರ್ಮಿನ್ ಎಂಬ ಅಣುವನ್ನು ಕೂಡಿಸಿತು. ಸ್ಪರ್ಮಿನ್ ಜೀವಕೋಶಗಳಲ್ಲೇ ಇರುವ, ನಾಲ್ಕು ಸಾರಜನಕಗಳ ಚಿಕ್ಕ ಅಣು. ಡಿಎನ್‌ಎಗೆ ಅಂಟುವುದು ಅದರ ಸಹಜ ಗುಣ. ನಾನಾ ಸಕ್ಕರೆ ಪಾಲಿಮರ್‌ಗಳಿಗೆ ನಾನಾ ಅಮೈನುಗಳನ್ನು ಕೂಡಿಸಿ ಮುನ್ನೂರಕ್ಕೂ ಹೆಚ್ಚು ಸಂಯುಕ್ತಗಳನ್ನು ತಯಾರಿಸಿ ನೋಡಿದಾಗ ಗಮನಾರ್ಹವಾಗಿ ಕೆಲಸ ಮಾಡಿದ್ದು ಡೆಕ್ಸ್ಟ್ರಾನ್-ಸ್ಪರ್ಮಿನ್. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆವೇಶವಿದ್ದರಷ್ಟೇ ಸಾಲದು, ಅದು ಯಾವ ಬೆನ್ನೆಲುಬಿನ ಮೇಲೆ, ಎಷ್ಟು ಅಂತರದಲ್ಲಿ ಕೂತಿದೆ ಎಂಬುದೂ ಮುಖ್ಯವೆಂದು ಇದು ತೋರಿಸಿತು. 2008ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಶೆ ತಂಡ ಡೆಕ್ಸ್ಟ್ರಾನಿನ ಹೈಡ್ರಾಕ್ಸಿಲ್ ಗುಂಪುಗಳಿಗೆ ಅಸಿಟಾಲ್ ಎಂಬ ಮುಸುಕು ಹಾಕಿತು. ಮುಸುಕಿರುವಾಗ ಅದು ನೀರಿನಲ್ಲಿ ಕರಗದು. ಎಂಡೋಸೋಮಿನ ಆಮ್ಲ ತಗುಲಿದಾಗ ಮುಸುಕು ಕಳಚಿ ಮತ್ತೆ ಕರಗುವ ಡೆಕ್ಸ್ಟ್ರಾನ್ ಆಗಿ, ಒಳಗಿನ ಸರಕನ್ನು ಬಿಡುತ್ತದೆ.

ಪಿಷ್ಟದಿಂದ ಬಂದ ಸೈಕ್ಲೊಡೆಕ್ಸ್ಟ್ರಿನ್ ಇನ್ನೂ ಮುಂದೆ ಹೋಯಿತು. ಅದು ಆರು, ಏಳು ಅಥವಾ ಎಂಟು ಗ್ಲೂಕೋಸ್‌ಗಳ ಉಂಗುರ, ನಡುವೆ ಟೊಳ್ಳು. ಕ್ಯಾಲ್ಟೆಕ್‌ನ ಮಾರ್ಕ್ ಡೇವಿಸ್ ಈ ಉಂಗುರಗಳನ್ನು ಧನ ಆವೇಶದ ಸರಣಿಯಲ್ಲಿ ಹೆಣೆದರು. ಆ ಟೊಳ್ಳಿನೊಳಗೆ ಸರಿಯಾಗಿ ಕೂರುವ ಅಡಮಾಂಟೇನ್ ಎಂಬ ಅಣುವಿನ ತುದಿಗೆ ಪೆಗ್ ಎಳೆ ಕಟ್ಟಿದರು, ಕೆಲವು ಎಳೆಗಳ ಇನ್ನೊಂದು ತುದಿಗೆ ಟ್ರಾನ್ಸ್‌ಫೆರಿನ್ ವಿಳಾಸ ಬರೆದರು. ಎಲ್ಲವನ್ನೂ ಬೆರೆಸಿದಾಗ ಕಣ ತಾನಾಗಿಯೇ ಕಟ್ಟಿಕೊಳ್ಳುತ್ತದೆ. 2008ರಲ್ಲಿ ಕ್ಯಾನ್ಸರ್ ರೋಗಿಗಳ ಮೇಲೆ ಇದರ ಪರೀಕ್ಷೆ ಶುರುವಾಯಿತು. ರಕ್ತನಾಳಕ್ಕೆ ಕೊಟ್ಟ ಕಣ ಗೆಡ್ಡೆಯನ್ನು ತಲುಪಿ, ಅಲ್ಲಿನ ಗುರಿಯ ವಂಶವಾಹಿಯನ್ನು ತಗ್ಗಿಸಿದ್ದಕ್ಕೆ 2010ರಲ್ಲಿ ಪುರಾವೆ ಪ್ರಕಟವಾಯಿತು. ಮನುಷ್ಯರಲ್ಲಿ ಅಂಥ ಪುರಾವೆ ಅದೇ ಮೊದಲು. ಈ ಔಷಧ ಮಾರುಕಟ್ಟೆಗೆ ಬರಲಿಲ್ಲವಾದರೂ ಪಾಲಿಮರ್ ವಾಹಕ ಕೆಲಸ ಮಾಡಬಲ್ಲದೆಂಬುದು ಸ್ಥಿರವಾಯಿತು. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಇದೇ ಕುಲದ ಇನ್ನೊಂದು ಪಾಲಿಮರ್. ಅದನ್ನು ಎರಡು ಬಗೆಯಲ್ಲಿ ಮಾರ್ಪಡಿಸಿದ ವಾಹಕವೊಂದು ಮೂತ್ರಕೋಶದ ಕ್ಯಾನ್ಸರಿಗೆ ವಂಶವಾಹಿ ತಲುಪಿಸಲು ಅಮೆರಿಕದಲ್ಲಿ ರೋಗಿಗಳ ಮೇಲೆ ಪರೀಕ್ಷೆಗೊಳಗಾಗಿದೆ.

ಹೊಸ ಪಾಲಿಮರ್ ಒಂದನ್ನು ಪರೀಕ್ಷಿಸುವ ಮೊದಲ ಹೆಜ್ಜೆಗಳಿಗೆ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಪಾಲಿಮರಿನ ಸಾರಜನಕ ಮತ್ತು ಡಿಎನ್‌ಎಯ ರಂಜಕ ಎಷ್ಟಕ್ಕೆಷ್ಟು ಎಂಬ ಅನುಪಾತವನ್ನು ಒಂದು, ಎರಡು, ನಾಲ್ಕು, ಎಂಟು ಎಂದು ಏರಿಸುತ್ತ ಸಾಲಾಗಿ ಮಿಶ್ರಣಗಳನ್ನು ತಯಾರಿಸುತ್ತಾರೆ. ಅವನ್ನು ಅಗರೋಸ್ ಜೆಲ್ಲಿಯ ಒಂದು ಬದಿಯ ಗುಳಿಗಳಿಗೆ ಸುರಿದು ವಿದ್ಯುತ್ ಹರಿಸುತ್ತಾರೆ. ಬಿಡಿಯಾದ ಡಿಎನ್‌ಎ ಧನ ಧ್ರುವದತ್ತ ಓಡಿ, ಅತಿನೇರಳೆ ಬೆಳಕಿನಲ್ಲಿ ಪಟ್ಟಿಯಾಗಿ ಹೊಳೆಯುತ್ತದೆ. ಪಾಲಿಮರ್ ಪೂರ್ತಿ ಹಿಡಿದಿಟ್ಟ ಡಿಎನ್‌ಎ ಗುಳಿಯಲ್ಲೇ ನಿಂತುಬಿಡುತ್ತದೆ. ಎಷ್ಟನೆಯ ಗುಳಿಯಿಂದ ಓಟ ನಿಂತಿತೆಂದು ನೋಡಿದರೆ ಹಿಡಿತಕ್ಕೆ ಬೇಕಾದ ಅನುಪಾತ ತಿಳಿಯುತ್ತದೆ. ಮುಂದಿನ ಹೆಜ್ಜೆ ಕೋಶಗಳ ಮೇಲೆ. ಹಸಿರಾಗಿ ಹೊಳೆಯುವ ಜೆಲ್ಲಿಮೀನಿನ ಪ್ರೋಟೀನಿನ ವಂಶವಾಹಿಯನ್ನು ವಾಹಕಕ್ಕೆ ಹೊರಿಸಿ ಕಳಿಸಿದರೆ, ಒಂದೆರಡು ದಿನಗಳಲ್ಲಿ ಸೂಕ್ಷ್ಮದರ್ಶಕದಡಿ ಎಷ್ಟು ಕೋಶಗಳು ಹಸಿರಾದವೆಂದು ಎಣಿಸಬಹುದು. ಜೊತೆಗೆ ಎಂಟಿಟಿ ಎಂಬ ಹಳದಿ ಬಣ್ಣವನ್ನು ಹಾಕುತ್ತಾರೆ. ಜೀವಂತ ಕೋಶ ಅದನ್ನು ನೇರಳೆಯಾಗಿ ಬದಲಿಸುತ್ತದೆ, ಸತ್ತ ಕೋಶ ಬದಲಿಸದು. ಹಸಿರೂ ಹೆಚ್ಚು, ನೇರಳೆಯೂ ಹೆಚ್ಚು ಬಂದರೆ ಮಾತ್ರ ಪಾಲಿಮರ್ ಮುಂದಿನ ಹಂತಕ್ಕೆ ಅರ್ಹ.

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯದ ವೈದ್ಯಕೀಯ ಮತ್ತು ಔಷಧ ವಿಜ್ಞಾನ ಕಾಲೇಜುಗಳಿವೆ. ದೇಶದ ಎಂ.ಫಾರ್ಮ್ ಔಷಧ ತಯಾರಿಕಾ ವಿಭಾಗದ ಪಠ್ಯಕ್ರಮದಲ್ಲಿ ವೈರಸ್ ಮತ್ತು ವೈರಸ್ಸೇತರ ವಂಶವಾಹಿ ಸಾಗಣೆ ಒಂದು ಪಾಠವಾಗಿದೆ. ಕಬ್ಬಿನ ಲೋಳೆ ಹುಟ್ಟುವ ಸೀಮೆಯಲ್ಲೇ ಅದರಿಂದ ಔಷಧದ ವಾಹಕ ಮಾಡುವ ವಿದ್ಯೆಯ ಮೊದಲ ಪಾಠಗಳಿಗೆ ಅವಕಾಶವಿದೆ ಎಂದಾಯಿತು. ಸಕ್ಕರೆ ದ್ರಾವಣದಲ್ಲಿ ಬ್ಯಾಕ್ಟೀರಿಯ ಬೆಳೆಸಿ ಡೆಕ್ಸ್ಟ್ರಾನ್ ತಯಾರಿಸುವುದು ಹಳೆಯ, ಎಲ್ಲರಿಗೂ ತಿಳಿದ ಉದ್ಯಮ. ಅದನ್ನು ಔಷಧದ ಮಟ್ಟಕ್ಕೆ ಶುದ್ಧ ಮಾಡುವುದು, ಒಂದೇ ಅಳತೆಯ ಸರಣಿಗಳನ್ನು ಬೇರ್ಪಡಿಸುವುದು, ಪ್ರತಿ ಬಾರಿಯೂ ಅಷ್ಟೇ ಪ್ರಮಾಣದ ಅಮೈನು ಕೂಡಿಸುವುದು ಇವೇ ಕಷ್ಟದ ಹಾಗೂ ಬೆಲೆಯುಳ್ಳ ಕೆಲಸಗಳು.

ಸದ್ಯಕ್ಕೆ ವೈರಸ್ಸೇತರ ವಾಹಕಗಳಲ್ಲಿ ಮುಂದಿರುವುದು ಲಿಪಿಡ್ ನ್ಯಾನೊಕಣಗಳು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್, 2020ರ ಕೊನೆಯಲ್ಲಿ ಬಂದ ಕೋವಿಡ್ ಎಂಆರ್‌ಎನ್‌ಎ ಲಸಿಕೆಗಳು ಅವುಗಳ ಬಲದಿಂದಲೇ ಬಂದವು. ಲಿಪಿಡ್‌ಗಳಿಗೆ ದೊರೆತಷ್ಟು ಒಪ್ಪಿಗೆ ಪಾಲಿಮರ್‌ಗಳಿಗೆ ಇನ್ನೂ ದೊರೆತಿಲ್ಲ. ಆದರೆ ತೆರೆಯ ಹಿಂದೆ ಪಾಲಿಮರ್ ಆಗಲೇ ದುಡಿಯುತ್ತಿದೆ. ಎಎವಿ ಮತ್ತು ಲೆಂಟಿವೈರಸ್ ವಾಹಕಗಳನ್ನು ತಯಾರಿಸುವಾಗ ಅವುಗಳ ಡಿಎನ್‌ಎಯನ್ನು ಕೋಶಗಳಿಗೆ ಸೇರಿಸಲು ಹಲವು ತಯಾರಕರು ಬಳಸುವುದು ಪಿಇಐಯನ್ನೇ. ಪಾಲಿಮರಿಗೆ ಅದರದೇ ಆದ ಅನುಕೂಲಗಳೂ ಇವೆ. ಅದರ ಕಣದಲ್ಲಿ ವಂಶವಾಹಿಯ ಉದ್ದಕ್ಕೆ ವೈರಸ್ಸಿನಲ್ಲಿರುವಂಥ ಮಿತಿಯಿಲ್ಲ. ಒಂದೇ ಸರಣಿಯ ಮೇಲೆ ಆವೇಶ, ವಿಳಾಸ, ಹೊದಿಕೆ, ಮುರಿಯುವ ಬಂಧ ಎಲ್ಲವನ್ನೂ ಕೂಡಿಸಬಹುದು.

ಈ ಕೆಲಸಕ್ಕೆ ತುರ್ತು ಇರುವುದು ಬೆಲೆಯ ಕಾರಣದಿಂದ. ನೆರೆಯ ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಆ ರೋಗಕ್ಕೆ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಎರಡು ವಂಶವಾಹಿ ಚಿಕಿತ್ಸೆಗಳಿಗೆ ಒಪ್ಪಿಗೆ ಸಿಕ್ಕಿತು. ಒಂದೊಂದರ ಬೆಲೆಯೂ 20 ಲಕ್ಷ ಡಾಲರಿಗಿಂತ ಹೆಚ್ಚು. ಎರಡರಲ್ಲೂ ರೋಗಿಯ ಕಾಂಡಕೋಶಗಳನ್ನು ಹೊರತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಕಠಿಣ ಕೀಮೊಥೆರಪಿಯ ನಂತರ ಹಿಂದಿರುಗಿಸಬೇಕು. ಚುಚ್ಚುಮದ್ದಿನಂತೆ ಕೊಟ್ಟು ಅಸ್ಥಿಮಜ್ಜೆಯ ಕೋಶಗಳಿಗೇ ಸೂಚನೆ ತಲುಪಿಸುವ ವಾಹಕ ಸಿದ್ಧವಾದರೆ ಈ ಖರ್ಚಿನ ದೊಡ್ಡ ಭಾಗ ತಪ್ಪುತ್ತದೆ. ಅದಕ್ಕೆ ಉಳಿದಿರುವ ಕೆಲಸಗಳು ಸ್ಪಷ್ಟವಾಗಿವೆ. ರಕ್ತಕ್ಕೆ ಸೇರಿದ ಕಣಗಳಲ್ಲಿ ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲೇ ಸಿಕ್ಕಿಕೊಳ್ಳುವುದನ್ನು ತಪ್ಪಿಸಬೇಕು. ಎಂಡೋಸೋಮಿನಿಂದ ಪಾರಾಗುವ ಅಲ್ಪ ಪಾಲನ್ನು ಹೆಚ್ಚಿಸಬೇಕು. ಕೆಲಸ ಮುಗಿದ ಪಾಲಿಮರ್ ದೇಹದಲ್ಲಿ ಉಳಿಯದೆ ಕರಗಿಹೋಗಬೇಕು. ತಟ್ಟೆಯಲ್ಲಿ ಗೆದ್ದ ವಾಹಕ ಪ್ರಾಣಿಯಲ್ಲೂ, ಪ್ರಾಣಿಯಲ್ಲಿ ಗೆದ್ದದ್ದು ಮನುಷ್ಯನಲ್ಲೂ ಗೆಲ್ಲಬೇಕು. ಡೆಕ್ಸ್ಟ್ರಾನಿನಂಥ, ದೇಹ ಅರಗಿಸಬಲ್ಲ ಸಕ್ಕರೆ ಪಾಲಿಮರ್‌ಗಳು ಇವುಗಳಲ್ಲಿ ಮೂರನೆಯದಕ್ಕೆ ಈಗಾಗಲೇ ಒಳ್ಳೆಯ ಉತ್ತರ ಕೊಟ್ಟಿವೆ. ಉಳಿದ ಮೂರಕ್ಕೆ ಉತ್ತರ ದೊರೆಯಬೇಕಾದದ್ದು ಆ ಸರಣಿಯ ಮೇಲೆ ಏನನ್ನು, ಎಲ್ಲಿ, ಎಷ್ಟು ಕೂಡಿಸಬೇಕೆಂಬ ತಾಳ್ಮೆಯ ರಸಾಯನಶಾಸ್ತ್ರದಿಂದ.